ಗುಂಡು ಬೆಟ್ಟ

ನಾನು ಹುಡುಗನಾಗಿದ್ದಾಗ ಚಿತ್ರವೆಂದರೆ ಒಂದೇ ಚಿತ್ರ. ಹಾಳೆಯ ಮಧ್ಯೆ ಪಕ್ಕಪಕ್ಕದಲ್ಲಿ ಎರಡು ತ್ರಿಕೋನ. ಅವುಗಳ ಸಂದಿನಿಂದ ಇಣುಕುವ ಅರ್ಧ ಸೂರ್ಯ. ಸೂರ್ಯನ ಸುತ್ತ ಬಾಚಣಿಗೆಯ ಹಲ್ಲಿನಂಥ ಕಿರಣಗಳು. ಬೆಟ್ಟದ ಬುಡದಿಂದ ಹೊರಟು ಹಾಳೆಯ ಅಂಚಿಗೆ ಬಂದು ಮುಗಿದುಹೋಗುವ ಒಂದು ನದಿ. ಹಂಚಿನ ಮನೆ, ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಇದನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಈಗ ನನ್ನ ಮೊಮ್ಮಗನೂ ಇದನ್ನೇ ಬರೆಯುತ್ತಾನೆ. ಅವನಿಗೆ ಯಾರು ಹೇಳಿಕೊಟ್ಟರೋ ಕಾಣೆ. ಬಾಲಗ್ರಹದ ಹಾಗೆ ಅದು ಮಕ್ಕಳಿಗೆ ತಾನಾಗಿ ತಗಲುತ್ತದೆಂದು ತೋರುತ್ತದೆ.

ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ, ನಾನು ಬೇರೆ ಎಲ್ಲಿಯಾದರೂ ಹುಟ್ಟಿದ್ದರೆ. ಆದರೆ ನಾನು ಹುಟ್ಟಿದ್ದು ಮಾಗಡಿ ಸೀಮೆಯ ಒಂದು ಹಳ್ಳಿಯಲ್ಲಿ. ಶಾಲೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಸಾವನದುರ್ಗ. ನೋಡಿದವರಿಗೆ ಗೊತ್ತು, ಅದರಲ್ಲಿ ತ್ರಿಕೋನದ ಸುಳಿವೂ ಇಲ್ಲ. ನೆತ್ತಿ ಬೋಳು, ಬೆನ್ನು ದುಂಡು, ನೆಲದಿಂದ ಒಮ್ಮೆಗೇ ಎದ್ದು ನಿಂತ ಬಂಡೆ. ಒಂದು ಭಾಗಕ್ಕೆ ಕರಿಗುಡ್ಡವೆಂದು, ಇನ್ನೊಂದಕ್ಕೆ ಬಿಳಿಗುಡ್ಡವೆಂದು ಹೆಸರು. ಮಳೆ ನಿಂತ ಮೇಲೆ ಬಂಡೆಯ ಮೈಮೇಲೆ ಇಳಿದ ನೀರಿನ ಗೆರೆಗಳು ಬಿಸಿಲಿಗೆ ಮಿಂಚುವುದನ್ನು ನೋಡುತ್ತ ನಾನು ಎಷ್ಟೋ ಮಗ್ಗಿಗಳನ್ನು ಮರೆತಿದ್ದೇನೆ.

ಒಂದು ದಿನ ಡ್ರಾಯಿಂಗ್ ತರಗತಿಯಲ್ಲಿ ಅದೇನು ಬುದ್ಧಿ ಬಂತೋ, ಕಿಟಕಿಯ ಆಚೆ ನೋಡಿಕೊಂಡು ಬೆಟ್ಟವನ್ನು ಇದ್ದ ಹಾಗೆಯೇ ಬರೆದೆ. ಮೇಷ್ಟ್ರು ಬಂದು ಬೆನ್ನ ಹಿಂದೆ ನಿಂತರು. “ಇದೇನಯ್ಯ, ಬೆಟ್ಟವೋ ಮಲಗಿದ ಎಮ್ಮೆಯೋ?” ಎಂದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಈಗ ನೆನೆದರೆ ನನಗೆ ನಾಚಿಕೆಯಾಗುವುದು ಅವರ ಮಾತಿಗಲ್ಲ, ನನ್ನ ಆ ನಗುವಿಗೆ. ಮೇಷ್ಟ್ರು ನನ್ನ ಪೆನ್ಸಿಲನ್ನು ತೆಗೆದುಕೊಂಡು, ನನ್ನ ಗುಂಡು ಬೆಟ್ಟದ ಮೇಲೆ ಎರಡು ನೇರ ಗೆರೆ ಎಳೆದು ಅದಕ್ಕೆ ಶಿಖರ ಮಾಡಿದರು. ಅವರು ಕೆಟ್ಟವರಲ್ಲ, ತಮ್ಮ ಊಟದ ಡಬ್ಬಿಯಿಂದ ಹುಡುಗರಿಗೆ ಎಷ್ಟೋ ದಿನ ಕೈತುತ್ತು ಕೊಟ್ಟವರು. ಆದರೆ ದಿನವೂ ಅದೇ ಬೆಟ್ಟದ ಸೆರಗಿನಲ್ಲಿ ಸೈಕಲ್ಲು ತುಳಿದುಕೊಂಡು ಬರುತ್ತಿದ್ದವರ ಕಣ್ಣಿಗೆ ಬೆಟ್ಟವೆಂದರೆ ಪಠ್ಯಪುಸ್ತಕದಲ್ಲಿ ಇದ್ದದ್ದೇ ಹೊರತು ಎದುರಿಗೆ ಇದ್ದದ್ದಲ್ಲ.

ಇದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ. ನೆನಪು ಮಾಡಿದ್ದು ಬೆಂಗಳೂರಿನ ಒಂದು ಹಳೆಯ ಪುಸ್ತಕದ ಅಂಗಡಿ. ನಿವೃತ್ತನಾದ ಮೇಲೆ ಅಂಗಡಿ ಅಂಗಡಿ ತಿರುಗಿ ಏನೂ ಕೊಳ್ಳದೆ ಬರುವುದು ನನ್ನ ಕಸುಬು. ಅಲ್ಲಿ ಧೂಳು ಹಿಡಿದ ಒಂದು ಕಟ್ಟಿನೊಳಗೆ ನಮ್ಮ ಬೆಟ್ಟ ಕಾಣಿಸಿತು. ಅಸಲು ಪ್ರತಿಯಲ್ಲ, ಈಚೆಗೆ ತೆಗೆದ ಪಡಿಯಚ್ಚು. ಅಸಲಾಗಿದ್ದರೆ ನನ್ನ ಪಿಂಚಣಿಗೆ ಎಟುಕುತ್ತಿರಲಿಲ್ಲ. ಉತ್ತರ ದಿಕ್ಕಿನಿಂದ ಕಂಡ ಸಾವನದುರ್ಗ, 1791ರ ಡಿಸೆಂಬರಿನ ಮುತ್ತಿಗೆ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು. ಬರೆದವನು ರಾಬರ್ಟ್ ಹೋಮ್.

ಬೆಟ್ಟ ಗುಂಡಾಗಿಯೇ ಇತ್ತು.

ಅಂಗಡಿಯವನು ಬೆಲೆ ಹೇಳಿದ. ಚೌಕಾಸಿ ಮಾಡುವುದನ್ನೂ ಮರೆತು ಕೊಟ್ಟುಬಿಟ್ಟೆ. ಮನೆಗೆ ತಂದು ಗಾಜು ಹಾಕಿಸಿ ಹಜಾರದಲ್ಲಿ ತೂಗುಹಾಕಿದೆ. ನನ್ನ ಸಂತೋಷ ಎರಡು ದಿನ ಇತ್ತು. ಮೂರನೆಯ ದಿನ ಕಾಫಿ ಕುಡಿಯುತ್ತ ಅದರ ಎದುರು ಕುಳಿತಾಗ ಒಂದು ಮುಳ್ಳು ಚುಚ್ಚಿತು. ನನ್ನ ಬೆಟ್ಟವನ್ನು ನನ್ನ ಮೇಷ್ಟ್ರು ಕಾಣಲಾರದೆ ಹೋದರು. ಕಂಡು ಬರೆದವನು ಅದನ್ನು ಹಿಡಿಯಲು ಬಂದ ದಂಡಿನ ಜೊತೆ ಬಂದವನು!

ಹೋಮ್ ಸಿಪಾಯಿಯಲ್ಲ, ಕಸುಬಿನ ಚಿತ್ರಗಾರ. 1791ರಲ್ಲಿ ಮದರಾಸಿಗೆ ಬಂದ. ಅದು ಟಿಪ್ಪು ಸುಲ್ತಾನನ ಮೇಲೆ ಕಾರ್ನ್‌ವಾಲಿಸ್ ನಡೆಸುತ್ತಿದ್ದ ಯುದ್ಧದ ಕಾಲ. ಅಪ್ಪಣೆ ಪಡೆದು ಹೋಮ್ ಕುಂಪಣಿಯ ಸೈನ್ಯದ ಜೊತೆ ಹೊರಟ. ಆ ವರ್ಷದ ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಬಿತ್ತು, ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ, ಅದಾದ ಕೆಲವೇ ದಿನಕ್ಕೆ ಹುತ್ರಿದುರ್ಗ. ಇವುಗಳ ಚಿತ್ರಗಳು ಸೇರಿ 1794ರಲ್ಲಿ ಲಂಡನ್ನಿನಲ್ಲಿ ಹೋಮನ ಪುಸ್ತಕವಾಯಿತು. ಅವನೊಬ್ಬನೇ ಅಲ್ಲ. ಸರ್ವೇ ಕೆಲಸದ ಕೋಲ್‌ಬ್ರೂಕ್, ಸೇನಾಧಿಕಾರಿ ಅಲೆಗ್ಸಾಂಡರ್ ಆ್ಯಲನ್, ಫಿರಂಗಿ ದಳದ ಜೇಮ್ಸ್ ಹಂಟರ್, ಎಲ್ಲರೂ ಮೈಸೂರು ಸೀಮೆಯ ಬೆಟ್ಟಗುಡ್ಡಗಳನ್ನು ಬರೆದರು. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಟ್ಟನಷ್ಟೆ. ಆ ಸುದ್ದಿಯ ಬಿಸಿ ಆರುವುದರೊಳಗಾಗಿ ನಮ್ಮ ದುರ್ಗಗಳು ಲಂಡನ್ನಿನ ಹಜಾರಗಳಲ್ಲಿ ಗೋಡೆ ಏರಿದವು. ಈಗ ನನ್ನ ಹಜಾರದಲ್ಲೂ ಏರಿವೆ, ಇನ್ನೂರಕ್ಕೂ ಹೆಚ್ಚು ವರ್ಷ ತಡವಾಗಿ.

ಯುದ್ಧಕ್ಕೂ ಚಿತ್ರಕ್ಕೂ ಏನು ನಂಟು ಎಂದು ನಾವು ಕೇಳಬಹುದು. ಅವರು ಕೇಳುತ್ತಿರಲಿಲ್ಲ. ಫಿರಂಗಿಯವರನ್ನು ತಯಾರು ಮಾಡುತ್ತಿದ್ದ ವುಲ್ವಿಚ್ ಸೈನಿಕ ಶಾಲೆಯಲ್ಲಿ ಚಿತ್ರಕಲೆಯೂ ಪಾಠವೇ; 1768ರಿಂದ ಅಲ್ಲಿ ಮುಖ್ಯ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಪಾಲ್ ಸ್ಯಾಂಡ್ಬಿ ಎಂಬ ಹೆಸರಾಂತ ನಿಸರ್ಗ ಚಿತ್ರಗಾರ. ಫೋಟೋ ಇಲ್ಲದ ಕಾಲ. ಯಾವ ಇಳಿಜಾರಿನಲ್ಲಿ ತೋಪು ಏರಿಸಬಹುದು, ಗೋಡೆ ಎಲ್ಲಿ ತೆಳ್ಳಗಿದೆ, ನೀರು ಯಾವ ಕಡೆ ಎಂಬುದನ್ನು ಕಾಗದದ ಮೇಲೆ ಇಳಿಸಬಲ್ಲ ಕೈ ಸೇನಾಪತಿಗೆ ಬೇಕಾಗಿತ್ತು. ಅಂಥ ಕೈ ಗುಂಡಾದದ್ದನ್ನು ಚೂಪಾಗಿ ಬರೆಯುವಂತಿಲ್ಲ. ತಪ್ಪು ಬರೆದರೆ ಗುಂಡು ಎಲ್ಲಿಗೋ ಹೋಗಿ ಬೀಳುತ್ತದೆ. ನಮ್ಮ ಬೆಟ್ಟದ ಆಕಾರವನ್ನು ಆ ದಂಡಿನ ಕಣ್ಣು ಅಷ್ಟು ಶ್ರದ್ಧೆಯಿಂದ ನೋಡಿದ್ದು ಪ್ರೀತಿಯಿಂದಲ್ಲ ಎಂದು ಹೇಳಿ ಸಮಾಧಾನ ಮಾಡಿಕೊಳ್ಳಬಹುದು. ಆದರೂ ನೋಡಿತಲ್ಲ!

ಹಾಗಾದರೆ ನಮ್ಮ ಮೇಷ್ಟ್ರ ತ್ರಿಕೋನ ಎಲ್ಲಿಂದ ಬಂತು? ಅದೂ ಅದೇ ಹಡಗಿನಲ್ಲಿ ಬಂತೆಂದು ನನ್ನ ಊಹೆ; ಪಂಡಿತರು ಒಪ್ಪದಿದ್ದರೆ ನನ್ನ ಹಟವಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ 1782ರಿಂದಾಚೆಗೆ ಒಂದರ ಮೇಲೊಂದು ಪುಸ್ತಕ ಬರೆದು, ಚಿತ್ರಕ್ಕೆ ಯೋಗ್ಯವಾದ ನೋಟ ಯಾವುದೆಂದು ಜನಕ್ಕೆ ಕಲಿಸಿದ. ಒರಟಾದದ್ದು, ಮುರಿದದ್ದು, ಏರುಪೇರಾದದ್ದು ಚಿತ್ರಕ್ಕೆ ಒಪ್ಪುತ್ತದೆ; ನುಣುಪಾದದ್ದು ಒಪ್ಪುವುದಿಲ್ಲ. ಇದಕ್ಕೂ ಹಿಂದೆ, ಹದಿನೇಳನೆಯ ಶತಮಾನದಲ್ಲಿ, ರೋಮಿನಲ್ಲಿದ್ದ ಕ್ಲಾಡ್ ಎಂಬ ಚಿತ್ರಗಾರ ಮುಂಭಾಗದ ಒಂದು ಬದಿಗೆ ಕಪ್ಪಗೆ ಒಂದು ಮರ ನಿಲ್ಲಿಸಿ, ನಡುವೆ ನೀರು ಹರಿಸಿ, ದೂರದಲ್ಲಿ ಮಸುಕು ಬೆಟ್ಟ ಇಡುವ ಕಟ್ಟನ್ನು ಬಳಕೆಗೆ ತಂದಿದ್ದ. ಇವೆರಡೂ ಕೂಡಿ ಸಾಹೇಬರ ಕಣ್ಣಿಗೆ ಕನ್ನಡಕವಾಯಿತು. ತಾಮ್ರದ ಹಲಗೆಯ ಮೇಲೆ ಕೆತ್ತುವವರು ಲಂಡನ್ನಿನವರು. ನಮ್ಮ ಬೆಟ್ಟಗಳನ್ನು ಕನಸಿನಲ್ಲೂ ಕಾಣದವರು. ಮುಂದೆ 1850ರಲ್ಲಿ ಮದರಾಸು, 1854ರಲ್ಲಿ ಕಲ್ಕತ್ತ, 1857ರಲ್ಲಿ ಬೊಂಬಾಯಿ, ಹೀಗೆ ಕಲಾಶಾಲೆಗಳು ಹುಟ್ಟಿದವು. ಪಾಠದ ಕ್ರಮ ಇಂಗ್ಲೆಂಡಿನದು. ಅಲ್ಲಿಂದ ಕೈ ಬದಲಾಯಿಸುತ್ತ, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಸವೆದು ಸವೆದು, ಮಾಗಡಿ ಸೀಮೆಯ ಪ್ರೈಮರಿ ಶಾಲೆಗೆ ಬರುವ ಹೊತ್ತಿಗೆ ಉಳಿದದ್ದು ಎರಡು ತ್ರಿಕೋನ, ಒಂದು ನದಿ, ಪಕ್ಕದಲ್ಲೊಂದು ಮರ. ಮರ ಮಾತ್ರ ತೆಂಗಿನದಾಯಿತು. ಅಷ್ಟೇ ನಮ್ಮ ಪಾಲು.

ನಮಗೆ ಮೊದಲು ನೋಟವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಬೇಕೆಂದು ನಮ್ಮ ಹಿಂದಿನವರು ವಿಧಿಸಿದ್ದರು. ಪರ್ವತ, ಸಮುದ್ರ, ಋತು, ಸೂರ್ಯೋದಯ, ಚಂದ್ರೋದಯ ಎಲ್ಲವೂ ಅದರಲ್ಲಿ ಇವೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಪರ್ವತವನ್ನು ಶಿಲೆ, ಶಿಖರ, ಧಾತು, ಮರ, ಝರಿಗಳಿಂದ ಸೂಚಿಸಬೇಕೆಂದು ಹೇಳಿದೆ. ಆದರೆ ಆ ಪರ್ವತ ಯಾವ ಪರ್ವತವೂ ಆಗಬಹುದು. ನಮ್ಮ ಕವಿಗಳು ಕಂಡ ಬೆಟ್ಟದಲ್ಲಿ ಕಿನ್ನರರೂ ಸಿದ್ಧರೂ ಇರುತ್ತಿದ್ದರು; ಕಡಲೆಕಾಯಿ ಹೊಲ ಇರುತ್ತಿರಲಿಲ್ಲ. ಇಂಥ ಊರಿನ ಇಂಥ ಬೆಟ್ಟ, ಇಂಥ ಹೊತ್ತಿನಲ್ಲಿ ಹೀಗೆ ಕಂಡಿತು ಎಂದು ಕಾಗದದ ಮೇಲೆ ಇಡುವ ಚಾಳಿ ಬೇರೆ. ಅದು ನಮಗೆ ಬಂದದ್ದು ಫಿರಂಗಿಯ ಗಾಡಿಯ ಹಿಂದೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೆ ಅಳಿಸಲು ನ್ಯಾಯವಾದ ಕಾರಣವೂ ಕಾಣುವುದಿಲ್ಲ.

ಈ ತೊಡಕಿನಲ್ಲಿ ನಾನಿದ್ದಾಗ ನನ್ನ ಸೋದರತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಊರಿನಿಂದ ಬಂದರು. ಎಂಬತ್ತು ದಾಟಿದ ಮುದುಕಿ. ಕಟ್ಟು ಬಿಚ್ಚಿದ ಮೇಲೆ ಹೊಸ ಕಣ್ಣಿನಿಂದ ಮನೆಯನ್ನೆಲ್ಲ ಪರೀಕ್ಷೆ ಮಾಡುತ್ತ, ಮೂಲೆಯ ಜೇಡರ ಬಲೆಗಳಿಗಾಗಿ ನನ್ನ ಹೆಂಡತಿಗೆ ಎರಡು ಮಾತು ಹೇಳಿ, ಆ ಚಿತ್ರದ ಮುಂದೆ ನಿಂತರು.

“ಇದು ನಮ್ಮ ಸಾವಂದಿ ಬೆಟ್ಟ ಅಲ್ಲವೇನೋ?”

“ಹೌದು ಅತ್ತೆ.”

“ಸ್ವಾಮಿ ಗುಡಿ ಎಲ್ಲಿ?”

ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿಯ ಗುಡಿ ಇದೆ, ನರಸಿಂಹಸ್ವಾಮಿಯದೂ ಇದೆ. ನಮ್ಮ ಮನೆಯ ಮಕ್ಕಳ ಕೂದಲು ತೆಗೆಸುವುದೆಲ್ಲ ಅಲ್ಲಿಯೇ. “ಇದರಲ್ಲಿ ಕಾಣುವುದಿಲ್ಲ ಅತ್ತೆ,” ಎಂದೆ.

“ಅಷ್ಟು ದೂರದಿಂದ ಬಂದವನು ಒಂದು ಹಣ್ಣುಕಾಯಿ ಮಾಡಿಸಿಕೊಂಡು ಹೋಗಬಾರದಿತ್ತೆ?”

“ಅವನು ಬಂದದ್ದು ಯುದ್ಧಕ್ಕೆ.”

ಅತ್ತೆ ನನ್ನನ್ನು ನೋಡಿದರು, ಚಿತ್ರವನ್ನು ನೋಡಿದರು. “ಯುದ್ಧಕ್ಕೆ ಬಂದವನು ಚಿತ್ರ ಬರೀತಾ ಕೂತಿದ್ದನೆ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ವುಲ್ವಿಚ್ ಶಾಲೆಯ ವಿಷಯ ಹೇಳಿ ಮುಗಿಸಬಹುದಾಗಿತ್ತು. ಆದರೆ ಅತ್ತೆ ಕೇಳಿದ್ದು ಅದಲ್ಲ. ತೋಪಿನ ಸದ್ದು ನಿಂತ ಮೇಲೂ, ಗೆದ್ದ ಮೇಲೂ, ಆ ಮನುಷ್ಯ ಆ ಬಂಡೆಯ ಮುಂದೆ ಇನ್ನೊಂದು ಗಳಿಗೆ ಸುಮ್ಮನೆ ಕುಳಿತಿದ್ದನೆ? ಕುಳಿತಿದ್ದಿರಬೇಕು ಎಂದು ಒಂದೊಂದು ಸಲ ಅನ್ನಿಸುತ್ತದೆ. ಹೋಮ್ ಸ್ವದೇಶಕ್ಕೆ ಹಿಂದಿರುಗಲಿಲ್ಲ. ಲಖನೌ ನವಾಬರ ಆಸ್ಥಾನದಲ್ಲಿ ಚಿತ್ರಗಾರನಾಗಿದ್ದು, ಕಾನ್ಪುರದಲ್ಲಿ ನೆಲೆಸಿ, 1834ರಲ್ಲಿ ತೀರಿಕೊಂಡ. ಅವನನ್ನು ಬರಿಯ ಶತ್ರು ಎಂದುಕೊಂಡರೆ ನನ್ನ ಮನಸ್ಸಿಗೆ ಹಗುರ; ಚಿತ್ರ ಹಾಗೆ ಬಿಡಗೊಡುವುದಿಲ್ಲ.

ನಮ್ಮ ಬೆಟ್ಟಕ್ಕಾದರೋ ಮುತ್ತಿಗೆ ಹೊಸದಲ್ಲ. 1728ರಲ್ಲಿ ಮೈಸೂರಿನ ದಂಡೇ ಬಂದು ಮಾಗಡಿಯ ಕೆಂಪೇಗೌಡರ ವಂಶದಿಂದ ಅದನ್ನು ಕಿತ್ತುಕೊಂಡಿತು. ಸಾಮ್ರಾಜ್ಯ ಮುಗಿದ ಮೇಲೂ ಅದಕ್ಕೆ ವೇಷ ತಪ್ಪಲಿಲ್ಲ. 1984ರಲ್ಲಿ ಬಂದ ‘ಎ ಪ್ಯಾಸೇಜ್ ಟು ಇಂಡಿಯಾ’ ಚಲಚ್ಚಿತ್ರದಲ್ಲಿ ಡೇವಿಡ್ ಲೀನ್ ಇದೇ ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ ಬಿಹಾರದ ಗುಹೆಗಳ ಬೆಟ್ಟವೆಂದು ತೋರಿಸಿದ. ನೋಡಿ ಬಂದ ನಮ್ಮ ಊರಿನವರು, “ಬಂಡೆಗೆ ಬಾಗಿಲು ಕೊರೆದಿದ್ದಾರಂತಲ್ಲ!” ಎಂದು ಗಾಬರಿಯಾಗಿದ್ದರು.

ಅತ್ತೆಯ ಪ್ರಶ್ನೆ ತಲೆಯಲ್ಲಿ ಇದ್ದಾಗಲೇ ಒಂದು ಮಧ್ಯಾಹ್ನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಗೆ ಹೋದೆ. ಅದರ ಪಕ್ಕದ ಮ್ಯೂಸಿಯಮ್ಮಿಗೆ ಶಾಲೆಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗುತ್ತಿದ್ದರು. ಗ್ಯಾಲರಿಯಲ್ಲಿ ನಾನೂ ಕಾವಲುಗಾರನೂ ಇಬ್ಬರೇ. ಕೆ. ವೆಂಕಟಪ್ಪನವರು 1886ರಲ್ಲಿ ಹುಟ್ಟಿದವರು, ಮೈಸೂರು ಅರಮನೆಗೆ ನಡೆದುಕೊಂಡ ಚಿತ್ರಗಾರರ ಮನೆತನದವರು. ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತರು. ಆಗ ಅಲ್ಲಿ ದೊಡ್ಡ ವಾದ ನಡೆದಿತ್ತು. ವಿಲಾಯಿತಿ ಮಾದರಿಯ ನೆರಳು ಬೆಳಕಿನ ಚಿತ್ರ ನಮ್ಮದಲ್ಲ. ಅಜಂತೆಯ ಕಡೆ ನೋಡಿ, ಮೊಗಲರ ಕಡೆ ನೋಡಿ, ಪುರಾಣವನ್ನು ಬರೆಯಿರಿ ಎಂದು ಹ್ಯಾವೆಲ್ ಹಾಗೂ ಅವನೀಂದ್ರರ ಪಕ್ಷ. ಅದು ಸ್ವದೇಶಿಯ ಕಾಲ; ವಾದದಲ್ಲಿ ಬಿಸಿಯಿತ್ತು, ಸತ್ಯವೂ ಇತ್ತು. ಆದರೆ ಈ ಜಗಳದ ಮಧ್ಯೆ, ಕಣ್ಣ ಮುಂದಿನ ಗುಡ್ಡಕ್ಕೆ ಎರಡು ಕಡೆಯೂ ಜಾಗವಿಲ್ಲದೆ ಹೋಯಿತು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಹೇಬರ ಶಿಷ್ಯ. ಸಾಹೇಬರನ್ನು ಬಿಟ್ಟರೆ ದೇವರನ್ನೇ ಬರೆಯಬೇಕು. ವೆಂಕಟಪ್ಪನವರೂ ಮೊದಲು ರಾಮಾಯಣ ಬರೆದರು; ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ 1913ರ ಪುಸ್ತಕದಲ್ಲಿ ಅವರ ಚಿತ್ರಗಳಿವೆ. ಆಮೇಲೆ, 1926ರ ಸುಮಾರಿಗೆ, ಉದಕಮಂಡಲಕ್ಕೆ ಹೋಗಿ ಮಂಜನ್ನು ಬರೆದರು.

ಉದಕಮಂಡಲ! ಸಾಮ್ರಾಜ್ಯದ ಮುದ್ರೆ ಅಷ್ಟು ಗಟ್ಟಿಯಾಗಿ ಬಿದ್ದ ಬೆಟ್ಟ ದಕ್ಷಿಣದಲ್ಲಿ ಇನ್ನೊಂದಿಲ್ಲ. ತೊದವರ, ಬಡಗರ ನೆಲ ಅದು. ಬಡಗರ ಮಾತು ಕನ್ನಡದ ತೀರ ಹತ್ತಿರದ ನೆಂಟ. 1819ರಿಂದಾಚೆಗೆ ಕೊಯಮತ್ತೂರಿನ ಕಲೆಕ್ಟರ್ ಸಲಿವನ್ ಅಲ್ಲಿ ಬೇರೂರಿದ. ಅಲ್ಲಿಯ ಕೆರೆ ಅವನು ಕಟ್ಟಿಸಿದ್ದು. ಮರಗಳು ಆಸ್ಟ್ರೇಲಿಯದಿಂದ ಬಂದವು. ಆ ಮರಕ್ಕೆ ನಾವು ಕನ್ನಡಿಗರು ‘ನೀಲಗಿರಿ’ ಎಂದು ಹೆಸರಿಟ್ಟು, ಅದು ಸೃಷ್ಟಿಯ ಆದಿಯಿಂದ ನೀಲಗಿರಿಯಲ್ಲೇ ಇತ್ತೆಂಬಂತೆ ನೆಗಡಿ ಬಂದಾಗ ಅದರ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಇಂಥ ಕಡೆ ಹೋಗಿ ನಮ್ಮ ಚಿತ್ರಗಾರರೊಬ್ಬರು ನಮ್ಮದೆನ್ನುವಂಥದೇನನ್ನು ಬರೆದಾರು ಎಂಬ ಅನುಮಾನದಿಂದಲೇ ಒಳಗೆ ಹೋದೆ.

ಚಿಕ್ಕ ಚಿಕ್ಕ ಕಾಗದಗಳು, ಜಲವರ್ಣ. ಹತ್ತಿರ ಹೋಗಿ ಮೂಗು ತಾಗಿಸುವಂತೆ ನೋಡಬೇಕು. ಮುಂಜಾನೆ ಬೆಳಗಾಗುವುದು, ಬೆಳದಿಂಗಳು ಮಂಜಿನೊಳಗೆ ಇಳಿಯುವುದು, ಮೋಡ ಕವಿಯುವುದು. ಕೈ ಮನೆತನದ ಕೈ, ದೇವರ ಪಟದ ಆಭರಣದ ಮೇಲೆ ಕೂದಲೆಳೆಯ ಗೆರೆ ಎಳೆಯಬಲ್ಲದ್ದು. ಅದೇ ತಾಳ್ಮೆಯನ್ನು ಮಂಜಿನ ಮೇಲೆ ಖರ್ಚು ಮಾಡಿದ್ದಾರೆ. ಬೆಟ್ಟ ಎಷ್ಟು ಎತ್ತರ, ಯಾವ ಕಡೆಯಿಂದ ಹತ್ತಬಹುದು ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಫಿರಂಗಿಯವನಿಗೆ ಅವುಗಳಿಂದ ಮೂರು ಕಾಸಿನ ಉಪಯೋಗವಿಲ್ಲ. ಗೊತ್ತಾಗುವುದು ಹೊತ್ತು. ಆಗ ನನಗೆ ಹೊಳೆಯಿತು: ಸೂರ್ಯೋದಯ, ಚಂದ್ರೋದಯ! ಹದಿನೆಂಟು ವರ್ಣನೆಗಳಲ್ಲಿ ಎರಡು ಇಲ್ಲಿ ಗೋಡೆಯ ಮೇಲಿದ್ದವು, ಕಿನ್ನರರನ್ನು ಮನೆಗೆ ಕಳಿಸಿ. ಅವರು ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತವರೆಂಬುದೂ ನೆನಪಾಯಿತು. ಮೀಟಿದ ಸ್ವರ ಕರಗುವವರೆಗೆ ಕಾದು ಕೂರುವ ಅಭ್ಯಾಸ ಮಂಜು ಕರಗುವುದನ್ನು ಕಾಯಲೂ ಒದಗಿರಬೇಕು.

ವಿದ್ಯೆ ಸಾಹೇಬರಿಂದ ಬಂದದ್ದು, ಬೆಟ್ಟವನ್ನೂ ಸಾಹೇಬರು ತಮಗೆ ಬೇಕಾದಂತೆ ತಿದ್ದಿದ್ದರು. ಆದರೂ ಆ ಕಾಗದದ ಮೇಲೆ ಸಾಹೇಬರು ಎಲ್ಲೂ ಇರಲಿಲ್ಲ. ಅವರನ್ನು ಓಡಿಸಿದ ಗುರುತೂ ಇರಲಿಲ್ಲ. ಅವರ ನೆನಪೇ ಆಗದವರೊಬ್ಬರು ನೋಡಿದಂತೆ ಇತ್ತು. ಕಾವಲುಗಾರ ಬಂದು ಹೊತ್ತಾಯಿತೆಂದ ಮೇಲೆಯೇ ನಾನು ಹೊರಗೆ ಬಂದದ್ದು.

ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಅವರ ನಂತರ ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯನವರ ಮಾತೂ ಇಲ್ಲಿ ಬರಬೇಕು. ಸ್ವಾತಂತ್ರ್ಯದ ಚಳವಳಿಗಾಗಿ ಬಹುಕಾಲ ಕುಂಚ ಬದಿಗಿಟ್ಟು, ಮತ್ತೆ ಅದನ್ನೇ ಹಿಡಿದವರು. ಅವರ ಬಣ್ಣಕ್ಕೆ ನನ್ನ ಕಣ್ಣು ಇನ್ನೂ ಪೂರ್ತಿ ಒಗ್ಗಿಲ್ಲ, ನಿಜ ಹೇಳುತ್ತೇನೆ. ಆದರೆ ಅವರು ಬರೆದ ಮರಗಳಲ್ಲಿ ಕೆಲವು ಈಗ ಅವರ ಚಿತ್ರದಲ್ಲಿ ಮಾತ್ರ ಇವೆ.

ಈ ವರ್ಷ ಮೊಮ್ಮಗನ ರಜೆಯಲ್ಲಿ ಎಲ್ಲರೂ ಸಾವನದುರ್ಗಕ್ಕೆ ಹೋದೆವು. ಪೂಜೆ ಮಾಡಿಸಿದ್ದಾಯಿತು. ಮಗನೂ ಮೊಮ್ಮಗನೂ ಬಂಡೆ ಹತ್ತಲು ಹೊರಟರು. ನನ್ನ ಮಂಡಿ ಒಪ್ಪಲಿಲ್ಲ. ಸೌತೆಕಾಯಿಗೆ ಉಪ್ಪುಖಾರ ಹಚ್ಚಿ ಮಾರುತ್ತಿದ್ದ ಒಬ್ಬಾಕೆಯ ಪಕ್ಕದ ಕಲ್ಲಿನ ಮೇಲೆ ಕುಳಿತು, ಮೊಮ್ಮಗನ ಪುಸ್ತಕವನ್ನೂ ಪೆನ್ಸಿಲನ್ನೂ ತೆಗೆದೆ. ಅರವತ್ತು ವರ್ಷದ ಹಿಂದಿನ ಎಮ್ಮೆಯನ್ನು ಮತ್ತೆ ಬರೆಯೋಣವೆಂದು.

ಬೆನ್ನು ಬಂತು. ನೆತ್ತಿ ಬಂತು. ನೀರಿನ ಗೆರೆಗಳೂ ಒಂದಿಷ್ಟು ಬಂದವು. ಕೈ ತನ್ನಷ್ಟಕ್ಕೆ ಓಡುತ್ತಿತ್ತು. ನೋಡುತ್ತೇನೆ, ಎಡಗಡೆ ಮುಂಭಾಗದಲ್ಲಿ ಕಪ್ಪಗೆ ಒಂದು ಮರ ಬರೆದುಬಿಟ್ಟಿದ್ದೇನೆ! ಎದುರಿಗೆ ಮರವಿರಲಿಲ್ಲ. ಟಾರು ರಸ್ತೆ, ಎರಡು ಮೋಟಾರು, ಬಿಸಿಲು. ರೋಮಿನ ಆ ಚಿತ್ರಗಾರ ಇಷ್ಟು ವರ್ಷ ನನ್ನ ಬೆರಳಿನಲ್ಲಿ ಕುಳಿತಿದ್ದನೆ? ಸಿಟ್ಟು ಬಂತು. ರಬ್ಬರು ತೆಗೆದು ಮರವನ್ನು ಒರೆಸಿದೆ.

“ಮರ ಯಾಕೆ ಒರೆಸಿಬಿಟ್ರಿ ಯಜಮಾನ್ರೆ? ಚೆಂದಾಗಿತ್ತಲ್ಲ,” ಎಂದಳು ಆಕೆ. ನಾನು ಬರೆಯುವುದನ್ನು ಮೊದಲಿನಿಂದಲೂ ನೋಡುತ್ತಿದ್ದಳೆಂದು ಕಾಣುತ್ತದೆ.

“ಅಲ್ಲಿ ಮರ ಇಲ್ಲವಲ್ಲಮ್ಮ.”

“ಈಗ ಇಲ್ಲ. ನಾನು ಮದುವೆಯಾಗಿ ಬಂದಾಗ ಇತ್ತು, ಗೋಣಿಮರ. ನಮ್ಮತ್ತೆ ಅದರ ನೆರಳಲ್ಲೇ ಸೌತೆಕಾಯಿ ಇಟ್ಕೊಂಡು ಕೂರ್ತಿದ್ರು. ರಸ್ತೆ ಅಗಲ ಮಾಡೋವಾಗ ಕಡಿದುಹಾಕಿದ್ರು.”

ಪುಸ್ತಕವನ್ನು ನೋಡಿದೆ. ಒರೆಸಿದ ಜಾಗದಲ್ಲಿ ಕಾಗದ ಕೊಂಚ ಕಂದಿ, ಮರದ ನೆರಳಿನಂತೆ ಏನೋ ಉಳಿದಿತ್ತು. “ಇಲ್ಲೇ ಇತ್ತೆ?” ಎಂದು ತೋರಿಸಿದೆ. ಆಕೆ ಕೈಯ ಖಾರವನ್ನು ಸೆರಗಿಗೆ ಒರೆಸಿಕೊಂಡು ಹಾಳೆಯ ಮೇಲೆ ಬೆರಳಿಟ್ಟಳು.

“ಅಷ್ಟು ಈ ಕಡೆ ಅಲ್ಲ. ಇನ್ನು ಸ್ವಲ್ಪ ಆಚೆ.”

ಆಕೆಯ ಬೆರಳಿದ್ದ ಕಡೆ ಮತ್ತೆ ಬರೆಯಲು ಶುರುಮಾಡಿದೆ.